ಸೋರೆಬುರುಡೆಯಲ್ಲಿ ಗ್ರೀಕರ ಲೈರಾ: ಕಟ್ಟುವ, ಶ್ರುತಿಗೂಡಿಸುವ, ನುಡಿಸುವ ಕ್ರಮ

ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿಯ ಮೇಲೆ ಹಾಡುವವರ ಮಗ್ಗುಲಲ್ಲಿ ಒಂದು ರಾತ್ರಿ ಕುಳಿತವರು ಗಮನಿಸಿರುತ್ತಾರೆ: ಆ ತಂತಿಯನ್ನು ಯಾರೂ ಬೆರಳಿನಿಂದ ಒತ್ತುವುದಿಲ್ಲ. ತಂತಿ ಒಂದು, ಸ್ವರ ಒಂದು; ಉಳಿದ ಸ್ವರಗಳೆಲ್ಲ ಹಾಡುವವರ ಕೊರಳಿಗೆ ಸೇರಿದವು. ಪ್ರಾಚೀನ ಗ್ರೀಕರ ಲೈರಾ ಕೂಡ ಇದೇ ನಿಯಮದ ವಾದ್ಯ. ಅದಕ್ಕೆ ವೀಣೆಗಿರುವಂಥ ಮೆಟ್ಟಿಲುಗಳಿಲ್ಲ, ತಂತಿಯನ್ನು ಒತ್ತಿಹಿಡಿಯಲು ದಂಡಿಯೂ ಇಲ್ಲ, ಪ್ರತಿ ತಂತಿಯೂ ತನ್ನ ಒಂದೇ ಸ್ವರವನ್ನು ಬಿಟ್ಟು ಬೇರೆ ನುಡಿಯುವುದಿಲ್ಲ. ಏಳು ಏಕತಾರಿಗಳನ್ನು ಒಂದೇ ಬುರುಡೆಗೆ ಕಟ್ಟಿದರೆ ಏನಾಗುವುದೋ ಅದೇ ಲೈರಾ: ಬುರುಡೆಯಿಂದ ಮೇಲೆದ್ದ ಎರಡು ತೋಳು, ಅವನ್ನು ಕೂಡಿಸುವ ಅಡ್ಡದಂಡ, ಅಲ್ಲಿಂದ ಕೆಳಗಿಳಿಯುವ ಏಳು ತಂತಿ. ಆದ್ದರಿಂದ ಕಲಬುರಗಿ ಸೀಮೆಯಲ್ಲಿ ಏಕತಾರಿ ಕಟ್ಟುವುದನ್ನು ನೋಡಿ ಬಲ್ಲವರಿಗೆ ಈ ಕೆಲಸದ ಅರ್ಧ ಪಾಠ ಆಗಲೇ ಆಗಿದೆ. ಉಳಿದರ್ಧವೆಂದರೆ ಶ್ರುತಿ ಮತ್ತು ಎಡಗೈ. ನನ್ನ ಅನುಭವದಲ್ಲಿ ಕಟ್ಟುವುದಕ್ಕಿಂತ ಅವೇ ಕಷ್ಟ.

ಯಾವ ವಾದ್ಯವನ್ನು ಕಟ್ಟಬೇಕೆಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ಗ್ರೀಕರಲ್ಲಿ ತಂತಿವಾದ್ಯ ಒಂದೇ ಇರಲಿಲ್ಲ. ಹೋಮರನ ಕಾವ್ಯಗಳಲ್ಲಿ ಗಾಯಕರು ಹಿಡಿಯುವುದು ಫಾರ್ಮಿಂಕ್ಸ್. ಇಲಿಯಡ್‌ನ 9ನೆಯ ಸರ್ಗದಲ್ಲಿ ಮುನಿಸಿಕೊಂಡು ಡೇರೆಯಲ್ಲಿ ಕುಳಿತ ಅಕಿಲೀಸ್ ಬೆಳ್ಳಿಯ ಅಡ್ಡದಂಡವುಳ್ಳ ಫಾರ್ಮಿಂಕ್ಸ್ ನುಡಿಸುತ್ತ ವೀರರ ಕಥೆಗಳನ್ನು ಹಾಡಿಕೊಳ್ಳುತ್ತಿರುತ್ತಾನೆ. (ಬೀದರಿನ ಬಿದರಿ ಕುಶಲಕರ್ಮಿಗಳ ಕೈಗೆ ಆ ಅಡ್ಡದಂಡ ಸಿಕ್ಕಿದ್ದರೆ ಎಂದು ನನಗೆ ಪ್ರತಿ ಸಲ ಅನಿಸುತ್ತದೆ.) ಸ್ಪರ್ಧೆಗಳಲ್ಲಿ, ಅಂದರೆ ಅಥೆನ್ಸಿನ ಪನಥೇನಿಯಾ ಉತ್ಸವದಲ್ಲಿಯೂ ಡೆಲ್ಫಿಯ ಪೈಥಿಯನ್ ಕೂಟಗಳಲ್ಲಿಯೂ, ವೃತ್ತಿಯ ವಾದಕರು ನುಡಿಸುತ್ತಿದ್ದುದು ಕಿಥಾರಾ, ಅದು ಮರದ ಪೆಟ್ಟಿಗೆಯಂಥ ದೊಡ್ಡ ವಾದ್ಯವಾದ್ದರಿಂದ ನುರಿತ ಬಡಿಗರಿಲ್ಲದೆ ಆಗದು. ಗಿಟಾರ್ ಎಂಬ ಹೆಸರು ಈ ಕಿಥಾರಾದಿಂದಲೇ ಬಂದಿದೆ, ಆದರೆ ಸಿತಾರ್ ಎಂಬುದು ಹಾಗಲ್ಲ, ಅದು ಮೂರು ತಂತಿ ಎಂಬರ್ಥದ ಪಾರಸಿ ಮಾತು. ಬಾರ್ಬಿಟೋಸ್ ಎಂಬುದು ತೋಳುಗಳು ಉದ್ದವಾಗಿರುವ, ಮಂದ್ರದಲ್ಲಿ ನುಡಿಯುವ ಲೈರಾ; ಕ್ರಿ.ಪೂ. 470ರ ಸುಮಾರಿನ ಒಂದು ಮಣ್ಣಿನ ಪಾತ್ರೆಯ ಮೇಲೆ ಸಾಫೋ ಮತ್ತು ಅಲ್ಕೇಯಸ್ ಕವಿಗಳು ಅದನ್ನು ಹಿಡಿದು ನಿಂತ ಚಿತ್ರವಿದೆ. ಮುಕ್ಕೋನದ ಟ್ರಿಗೋನೋನ್, ಉದ್ದ ಕತ್ತಿನ ಮೂರು ತಂತಿಯ ಪಂಡೂರಾ ಇವು ಬೇರೆ ಜಾತಿಯವು. ತನ್ನ ಆದರ್ಶ ನಗರದಿಂದ ಬಹುತಂತಿಯ ಟ್ರಿಗೋನೋನ್‌ಗಳನ್ನು ಪ್ಲೇಟೋ ಹೊರಗಿಟ್ಟು, ಲೈರಾ ಮತ್ತು ಕಿಥಾರಾಗಳನ್ನು ಮಾತ್ರ ಉಳಿಸಿಕೊಂಡನು. ಮನೆಯಲ್ಲಿ ಕಟ್ಟಬೇಕೆನ್ನುವವರಿಗೆ ಲೈರಾವೇ ಸರಿಯಾದುದು. ಅಥೆನ್ಸಿನ ಹುಡುಗರು ಕಿಥಾರಿಸ್ಟೆಸ್ ಎಂಬ ಸಂಗೀತದ ಮೇಷ್ಟರ ಬಳಿ ಕಲಿಯುತ್ತಿದ್ದುದೂ ಅದನ್ನೇ.

ಗ್ರೀಕರ ಲೈರಾದ ಬುರುಡೆ ಆಮೆಯ ಚಿಪ್ಪು. ಹುಟ್ಟಿದ ದಿನವೇ ಹರ್ಮಿಸ್ ದೇವನು ಹೊಸ್ತಿಲ ಬಳಿ ಆಮೆಯನ್ನು ಕಂಡು, ಅದರ ಚಿಪ್ಪಿನಲ್ಲಿ ಜೊಂಡಿನ ಕಡ್ಡಿಗಳನ್ನು ಸಿಕ್ಕಿಸಿ, ಮೇಲೆ ಎತ್ತಿನ ಚರ್ಮವನ್ನು ಬಿಗಿದು, ಎರಡು ತೋಳು ಮತ್ತು ಅಡ್ಡದಂಡವನ್ನಿಟ್ಟು, ಕುರಿಯ ಕರುಳಿನ ಏಳು ತಂತಿಗಳನ್ನು ಕಟ್ಟಿದನೆಂದು ಅವನ ಸ್ತುತಿಗೀತೆ ಹೇಳುತ್ತದೆ. ಅಣ್ಣ ಅಪೊಲೊನ ದನಗಳನ್ನು ಕದ್ದ ತಪ್ಪಿಗೆ ಕೊನೆಯಲ್ಲಿ ಅದನ್ನು ಅವನಿಗೇ ಕೊಟ್ಟನು. ಕಥೆಯ ಮಾತು ಹಾಗಿರಲಿ, ಆ ಸಾಲುಗಳು ಒಂದು ಕಸುಬಿನ ಪಾಠದಂತಿವೆ. ನಾನು ಅದೇ ಅನುಕ್ರಮವನ್ನು ಹಿಡಿದಿದ್ದೇನೆ. ಆಮೆಯನ್ನು ಮಾತ್ರ ಮುಟ್ಟಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ಹೊಲಗಳಲ್ಲಿ ಕಾಣುವ ನಕ್ಷತ್ರ ಆಮೆಯನ್ನು ಹಿಡಿಯುವುದೂ ಅಪರಾಧ. ನಮಗೆ ಸೋರೆಬುರುಡೆ ಇದೆ, ಅದು ಸಾಕು.

ಬಳ್ಳಿಯ ಮೇಲೆಯೇ ಬಲಿತು ಒಣಗಿದ, ಅಲುಗಿಸಿದರೆ ಬೀಜ ಗಲಗಲ ಎನ್ನುವ ಗುಂಡು ಸೋರೆಯನ್ನು ಆರಿಸಬೇಕು. ಅಡ್ಡಳತೆ 24 ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ ಮುಂದೆ ಹೇಳುವ ಅಳತೆಗಳೆಲ್ಲ ಹೊಂದುತ್ತವೆ. ಎಳೆಯ ಕಾಯಿಯನ್ನು ಕಿತ್ತು ಒಣಗಿಸಿದರೆ ಅದು ಸುಕ್ಕುಗಟ್ಟಿ ಬೂಸಲು ಹಿಡಿಯುತ್ತದೆ. ಹ್ಯಾಕ್ಸಾ ಬ್ಲೇಡಿನಿಂದ ಸರಿಯಾಗಿ ಎರಡು ಹೋಳು ಮಾಡಿ, ಒಳಗಿನ ತಿರುಳನ್ನೂ ಬೀಜವನ್ನೂ ಕೆರೆದು ತೆಗೆದು, ಅಂಚನ್ನು ಉಸುಕು ಕಾಗದದಿಂದ ಸಮಮಾಡಿ, ಒಳಮೈಗೆ ಬೇವಿನ ಎಣ್ಣೆಯನ್ನು ಸವರಿ ನಾಲ್ಕು ದಿನ ಬಿಡಬೇಕು. ಹುಳ ಹೊಡೆದ ಬುರುಡೆಯನ್ನು ಆಮೇಲೆ ಉಳಿಸಿಕೊಳ್ಳಲಾಗದು. ಉಳಿದ ಇನ್ನೊಂದು ಹೋಳನ್ನು ಎಸೆಯದಿರಿ, ಮೊದಲನೆಯದು ಕೆಡುವ ಸಂಭವ ಸಾಕಷ್ಟಿದೆ.

ತೋಳುಗಳಿಗೆ ಬೇವಿನ ಅಥವಾ ಜಾಲಿಯ ಎರಡು ಕೊಂಬೆಗಳು ಬೇಕು. ಅವು 55 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ದಪ್ಪ ಇದ್ದು, ಹೊರಕ್ಕೂ ತುಸು ಮುಂದಕ್ಕೂ ಬಾಗಿರಬೇಕು. ಗ್ರೀಕ್ ಪಾತ್ರೆಗಳ ಮೇಲಿನ ಚಿತ್ರಗಳಲ್ಲಿ ಆಡಿನ ಕೊಂಬಿನಂತೆ ಕಾಣುವ ಆ ಬಾಗು ಬರಿಯ ಅಂದಕ್ಕಲ್ಲ: ಮುಂದಕ್ಕೆ ಬಾಗಿದ ತೋಳು ಅಡ್ಡದಂಡವನ್ನು ಚರ್ಮದ ಮಟ್ಟಕ್ಕಿಂತ ಮೇಲೆ ಎತ್ತಿಹಿಡಿಯುತ್ತದೆ, ಇಲ್ಲವಾದರೆ ತಂತಿಗಳು ಚರ್ಮಕ್ಕೆ ತಾಕಿ ಝರ್ ಎನ್ನುತ್ತವೆ. ಹಸಿ ಕೊಂಬೆಯನ್ನು ನೆರಳಿನಲ್ಲಿ ಕನಿಷ್ಠ ಒಂದು ತಿಂಗಳು ಒಣಗಿಸಿಯೇ ಬಳಸಬೇಕು.

ಈಗ ಏಕತಾರಿಯಿಂದ ಕಲಿಯಬೇಕಾದ ಮುಖ್ಯ ಪಾಠ ಬರುತ್ತದೆ. ಏಳು ತಂತಿಗಳು ಬಿಗಿಯಾದಾಗ ಒಟ್ಟು ಎಳೆತ 12 ಕಿಲೋ ತೂಕಕ್ಕೆ ಸಮನಾಗುತ್ತದೆ. ಅದನ್ನು ಆಮೆಯ ಚಿಪ್ಪು ತಡೆದೀತು, ಸೋರೆ ತಡೆಯದು. ಏಕತಾರಿಯಲ್ಲಿ ಬಿದಿರು ಬುರುಡೆಯನ್ನು ಪೂರ್ತಿ ಹಾದು ಕೆಳಗೆ ಹೊರಬರುತ್ತದೆ, ತಂತಿಯ ಕೆಳತುದಿಯನ್ನು ಆ ಬಿದಿರಿಗೇ ಕಟ್ಟುತ್ತಾರೆಯೇ ಹೊರತು ಬುರುಡೆಗಲ್ಲ. ನಾವೂ ಹಾಗೆಯೇ ಮಾಡಬೇಕು. ಬುರುಡೆಯ ಮೇಲಂಚಿನಲ್ಲಿ 12 ಸೆಂಟಿಮೀಟರ್ ಅಂತರದಲ್ಲಿ ಎರಡು ಕಚ್ಚುಗಳನ್ನು, ತೋಳು ಅಂಚಿಗಿಂತ ಒಂದು ಸೆಂಟಿಮೀಟರ್ ಕೆಳಗೆ ಕೂರುವಷ್ಟು ಆಳಕ್ಕೆ, ಕೊಯ್ಯಬೇಕು. ಎರಡೂ ತೋಳುಗಳು ಒಳಗೆ ಹಾದು ಕೆಳಗಿನ ಅಂಚಿನಲ್ಲಿ ಒಂದಕ್ಕೊಂದು ಕೂಡಿ, ಅಲ್ಲಿಯ ತೂತಿನಿಂದ ಮೂರು ಸೆಂಟಿಮೀಟರ್ ಹೊರಗೆ ಚಾಚಬೇಕು. ಆ ಕೂಡುತುದಿಯನ್ನು ನಾರಿನ ಹುರಿಯಿಂದ ಬಿಗಿಯಾಗಿ ಸುತ್ತಿ ಕಟ್ಟಬೇಕು. ಬುರುಡೆಯೊಳಗೆ ತೋಳುಗಳು ಅಲುಗದಂತೆ ಒಣ ತೊಗರಿಕಟ್ಟಿಗೆಯ ತುಂಡುಗಳನ್ನು ಅಡ್ಡಲಾಗಿ ಸಿಕ್ಕಿಸಿದರೆ ಹರ್ಮಿಸನ ಜೊಂಡಿನ ಕಡ್ಡಿಗಳ ಕೆಲಸವನ್ನು ಅವು ಮಾಡುತ್ತವೆ. ನಮ್ಮಲ್ಲಿ ತೊಗರಿಕಟ್ಟಿಗೆಗೆ ಎಂದಾದರೂ ಬರವಿದೆಯೇ?

ಚರ್ಮಕ್ಕೆ ಹಲಿಗೆ ಕಟ್ಟುವವರ ಬಳಿ ಹೋಗುವುದು ಉತ್ತಮ. ಕೂದಲು ತೆಗೆದ ತೆಳುವಾದ ಆಡಿನ ಚರ್ಮವನ್ನು ಕೇಳಿ ತಂದು, ಇಡೀ ರಾತ್ರಿ ನೀರಿನಲ್ಲಿ ನೆನೆಸಿ, ಬುರುಡೆಯ ಬಾಯಿಗಿಂತ ಸುತ್ತಲೂ ಆರು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ, ಅಂಚಿನಲ್ಲಿ ತೂತುಗಳನ್ನು ಮಾಡಿ, ಬುರುಡೆಯ ಬೆನ್ನಿನ ಮೇಲೆ ಹುರಿಯನ್ನು ಎದುರುಬದುರಾಗಿ ಎಳೆದು ಕಟ್ಟಬೇಕು. ಹಸಿ ಚರ್ಮವನ್ನು ಸುಕ್ಕು ಹೋಗುವಷ್ಟು ಮಾತ್ರ ಎಳೆಯಬೇಕು. ಬಿಗಿಯನ್ನು ಒಣಗುವಿಕೆಯೇ ತರುತ್ತದೆ. ನಾನು ಮೊದಲ ಸಲ ಕಟ್ಟಿದ್ದು ಏಪ್ರಿಲ್ ತಿಂಗಳಲ್ಲಿ. ಬೇಗ ಒಣಗಲೆಂದು ಮಾಳಿಗೆಯ ಮೇಲಿಟ್ಟು ಊಟಕ್ಕೆ ಇಳಿದುಬಂದೆ, ತಿರುಗಿ ಹತ್ತುವಷ್ಟರಲ್ಲಿ ಚರ್ಮ ನಡುವೆ ಸೀಳಿ, ಅದರ ಎಳೆತಕ್ಕೆ ಬುರುಡೆಯ ಅಂಚೂ ಬಿರಿದಿತ್ತು. ಕಲಬುರಗಿಯ ಬಿಸಿಲಿನಲ್ಲಿ ಚರ್ಮವನ್ನು ಒಣಗಿಸಲೇಬಾರದು. ಒಳಮನೆಯ ನೆರಳಿನಲ್ಲಿ, ಬೇಸಿಗೆಯಾದರೆ ಮೇಲೊಂದು ಒದ್ದೆ ಅರಿವೆಯನ್ನು ಆಗಾಗ ಹೊದಿಸುತ್ತ, ಮೂರು ದಿನ ಬಿಡುವುದು ಕ್ಷೇಮ.

ಅಡ್ಡದಂಡವನ್ನು ಗ್ರೀಕರು ಜುಗೋನ್ ಎಂದು, ಅಂದರೆ ನೊಗವೆಂದು, ಕರೆಯುತ್ತಿದ್ದರು. ಎರಡು ಎತ್ತುಗಳ ಹೆಗಲ ಮೇಲೆ ನೊಗ ಕೂರುವ ಹಾಗೆಯೇ ಅದು ಎರಡು ತೋಳುಗಳ ಮುಂಭಾಗದಲ್ಲಿ, ಆಳವಿಲ್ಲದ ಕಚ್ಚುಗಳಲ್ಲಿ ಕೂರುತ್ತದೆ. ಎರಡು ಸೆಂಟಿಮೀಟರ್ ದಪ್ಪದ, 32 ಸೆಂಟಿಮೀಟರ್ ಉದ್ದದ ದುಂಡನೆಯ ಕಟ್ಟಿಗೆಯನ್ನು ಬುರುಡೆಯ ಅಂಚಿನಿಂದ 24 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಿದರೆ ಸರಿ. ಕೆಳಗೆ, ಬುರುಡೆಯ ತುದಿಯಿಂದ ಎಂಟು ಸೆಂಟಿಮೀಟರ್ ಮೇಲೆ, ಚರ್ಮದ ಮೇಲೆ ಬಿದಿರಿನ ಕುದುರೆಯನ್ನು, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಪಟ್ಟಿಯನ್ನು, ನಿಲ್ಲಿಸಬೇಕು. ಅದು ಎರಡು ಸೆಂಟಿಮೀಟರ್ ಎತ್ತರ, ಒಂಬತ್ತು ಸೆಂಟಿಮೀಟರ್ ಅಗಲ ಇದ್ದು, ಎರಡು ಕಾಲುಗಳ ಮೇಲೆ ನಿಂತಿರಬೇಕು. ಅದನ್ನು ಅಂಟಿಸುವ ಅಗತ್ಯವಿಲ್ಲ, ತಂತಿಗಳ ಒತ್ತಡವೇ ಹಿಡಿಯುತ್ತದೆ. ಹೀಗೆ ನುಡಿಯುವ ತಂತಿಯ ಉದ್ದ 40 ಸೆಂಟಿಮೀಟರ್ ಆಗುತ್ತದೆ.

ತಂತಿಗೆ ಕುರಿಯ ಕರುಳೇ ಮೂಲ, ಆದರೆ ಇಂದು ನೈಲಾನ್ ದಾರ ಸುಲಭ. ಭೀಮಾ ದಂಡೆಯ ಊರುಗಳಲ್ಲಿ ಮೀನಿನ ಗಾಳಕ್ಕೆ ಮಾರುವ ದಾರವೂ ಆಗುತ್ತದೆ, ಗಿಟಾರಿನ ನೈಲಾನ್ ತಂತಿಯೂ ಆಗುತ್ತದೆ. ಎಲ್ಲ ತಂತಿಗಳ ಉದ್ದವೂ ಒಂದೇ ಆಗಿರುವುದರಿಂದ ದಪ್ಪವನ್ನು ಬದಲಿಸಿದರೆ ಮಾತ್ರ ಎಳೆತ ಸಮನಾಗಿರುತ್ತದೆ: ಕೆಳಗಿನ ಎರಡು ಸ್ವರಗಳಿಗೆ 1 ಮಿಲಿಮೀಟರ್, ಮೂರನೆಯದಕ್ಕೆ 0.9, ನಾಲ್ಕನೆಯದಕ್ಕೆ 0.8, ಐದು ಮತ್ತು ಆರನೆಯವಕ್ಕೆ 0.7, ಏಳನೆಯದಕ್ಕೆ 0.6. ಉಕ್ಕಿನ ತಂತಿಯನ್ನು ಹಾಕುವ ಆಸೆ ಬೇಡ, ಅದರ ಎಳೆತಕ್ಕೆ ಈ ಚೌಕಟ್ಟು ತಾಳದು, ದನಿಯೂ ಲೈರಾದ್ದಾಗಿರುವುದಿಲ್ಲ.

ತಂತಿಯ ಕೆಳತುದಿಯನ್ನು ಹೊರಚಾಚಿದ ಕೂಡುತುದಿಗೆ ಕಟ್ಟಿ, ಕುದುರೆಯ ಮೇಲೆ ಹಾಯಿಸಿ, ಅಡ್ಡದಂಡಕ್ಕೆ ತರಬೇಕು. ಇಲ್ಲಿ ಬಿರಡೆಗಳಿಲ್ಲ. ಗ್ರೀಕರು ಎತ್ತಿನ ಚರ್ಮದ ಪಟ್ಟಿಯನ್ನು ತಂತಿಯೊಂದಿಗೆ ದಂಡಕ್ಕೆ ಸುತ್ತಿ ಆ ಸುರುಳಿಯನ್ನೇ ತಿರುಗಿಸಿ ಶ್ರುತಿ ಮಾಡುತ್ತಿದ್ದರು. ಅದಕ್ಕೆ ಕೊಲ್ಲೋಪ್ಸ್ ಎಂದು ಹೆಸರು. ಬಹಳ ದಿನಗಳ ಮೇಲೆ ತನ್ನ ಬಿಲ್ಲಿಗೆ ಹೆದೆಯೇರಿಸಿದ ಒಡಿಸ್ಸಿಯಸ್, ಹಾಡು ಬಲ್ಲವನು ಹೊಸ ಕೊಲ್ಲೋಪ್ಸ್‌ಗೆ ತಂತಿಯನ್ನು ಎಳೆದಷ್ಟೇ ಸಲೀಸಾಗಿ ಆ ಕೆಲಸ ಮಾಡಿದನೆಂದು ಹೋಮರ್ ಹೋಲಿಸಿದ್ದಾನೆ. ಸಲೀಸು ಎಂಬ ಮಾತನ್ನು ಹೊಸಬರು ನಂಬಬೇಕಾಗಿಲ್ಲ. ಹಳೆಯ ದೋತರದ ಅರಿವೆಯನ್ನು ಒಂದು ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದದ ಪಟ್ಟಿಗಳಾಗಿ ಹರಿದು, ರಾಳದ ಪುಡಿಯನ್ನು ಸವರಿ, ದಂಡಕ್ಕೆ ಎರಡು ಸುತ್ತು ಸುತ್ತಿ, ಅದರ ಮೇಲೆ ತಂತಿಯನ್ನು ನಾಲ್ಕು ಸುತ್ತು ಬಿಗಿದು, ತಂತಿಯ ತುದಿ ತನ್ನ ಸುತ್ತುಗಳ ಅಡಿಗೇ ಸಿಕ್ಕಿಕೊಳ್ಳುವಂತೆ ಮಾಡಬೇಕು. ಬಳಿಕ ಸುರುಳಿಯನ್ನು ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ತಿರುಚಿದರೆ ತಂತಿ ಏರುತ್ತದೆ. ಜಾರಿದರೆ ರಾಳವನ್ನು ಹೆಚ್ಚಿಸಬೇಕು, ತಿರುಗದಿದ್ದರೆ ಒಂದು ಸುತ್ತನ್ನು ಕಡಿಮೆ ಮಾಡಬೇಕು. ಇದರ ಹದ ಕೈಗೆ ಸಿಗಲು ನನಗೆ ಎರಡು ವಾರ ಹಿಡಿಯಿತು.

ಶ್ರುತಿಯ ವಿಷಯಕ್ಕೆ ಬರೋಣ. ಏಳು ತಂತಿಗಳಿಗೆ ಗ್ರೀಕರು ಕೊಟ್ಟ ಹೆಸರುಗಳು ಕೆಳಸ್ವರದಿಂದ ಕ್ರಮವಾಗಿ ಹೈಪಾತೆ, ಪಾರ್‌ಹೈಪಾತೆ, ಲಿಖನೋಸ್, ಮೆಸೆ, ತ್ರಿತೆ, ಪಾರನೇತೆ, ನೇತೆ. ಹೈಪಾತೆ ಎಂದರೆ ಎಲ್ಲಕ್ಕಿಂತ ಮೇಲಿನದು, ಆದರೂ ಅದರ ಸ್ವರವೇ ಎಲ್ಲಕ್ಕಿಂತ ಕೆಳಗಿನದು. ಹೆಸರು ಬಂದಿರುವುದು ವಾದ್ಯವನ್ನು ಓರೆಯಾಗಿ ಹಿಡಿದಾಗ ತಂತಿ ಇರುವ ಜಾಗದಿಂದ. ಲಿಖನೋಸ್ ಎಂದರೆ ತೋರುಬೆರಳು, ಮೆಸೆ ಎಂದರೆ ನಡುವಿನದು. ಈ ನಡುವಿನ ತಂತಿಯೇ ನಮ್ಮ ಷಡ್ಜ ಎಂದು ಇಟ್ಟುಕೊಂಡರೆ ಎಲ್ಲವೂ ತಿಳಿಯಾಗುತ್ತದೆ. ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಪ್ರಶ್ನೆಗಳ ಗ್ರಂಥವೊಂದರಲ್ಲಿ, ಬೇರೆ ತಂತಿ ಕೆಟ್ಟರೆ ಅದೊಂದೇ ಕೆಟ್ಟಂತೆ ಕೇಳುತ್ತದೆ, ಮೆಸೆ ಕೆಟ್ಟರೆ ಇಡೀ ವಾದ್ಯವೇ ಕೆಟ್ಟಂತೆ ಕೇಳುವುದೇಕೆ ಎಂಬ ಪ್ರಶ್ನೆಯಿದೆ. ತಂಬೂರಿಯ ಷಡ್ಜ ಇಳಿದಾಗ ಹಾಡುವವರ ಮುಖ ಹೇಗಾಗುತ್ತದೆಂದು ಕಂಡವರಿಗೆ ಅದು ಹೊಸ ಪ್ರಶ್ನೆಯಲ್ಲ.

ನಾಲ್ಕು ಸ್ವರಗಳ ಒಂದು ಕಟ್ಟಿಗೆ ಅವರಲ್ಲಿ ಟೆಟ್ರಕಾರ್ಡ್ ಎಂದು ಹೆಸರು. ಏಳು ತಂತಿಯ ಲೈರಾದಲ್ಲಿ ಅಂಥ ಎರಡು ಕಟ್ಟುಗಳು ಮೆಸೆಯಲ್ಲಿ ಕೂಡುತ್ತವೆ. ಪ್ರತಿ ಕಟ್ಟಿನಲ್ಲಿಯೂ ಕೆಳಗಿನಿಂದ ಅರ್ಧ ಅಂತರ, ಪೂರ್ಣ ಅಂತರ, ಪೂರ್ಣ ಅಂತರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ಕಟ್ಟು ಮಂದ್ರ ಪಂಚಮ, ಕೋಮಲ ಧೈವತ, ಕೋಮಲ ನಿಷಾದ, ಷಡ್ಜ; ಎರಡನೆಯದು ಷಡ್ಜ, ಕೋಮಲ ರಿಷಭ, ಕೋಮಲ ಗಾಂಧಾರ, ಮಧ್ಯಮ. ಇವು ಹಿಂದುಸ್ತಾನಿ ಸಂಗೀತದ ಭೈರವಿ ಥಾಟಿನ, ಅಂದರೆ ಆ ಸ್ವರಗುಂಪಿನ, ಸ್ವರಗಳಲ್ಲದೆ ಬೇರೆಯಲ್ಲ. ಭಜನೆ ಮುಗಿಯುವ ಹೊತ್ತಿಗೆ ಹಾಡುವ ಭೈರವಿ ಕಿವಿಯಲ್ಲಿರುವವರಿಗೆ ಈ ಶ್ರುತಿ ತಪ್ಪುವುದಿಲ್ಲ. ಹಾಗೆಂದು ಗ್ರೀಕರು ಭೈರವಿ ಹಾಡುತ್ತಿದ್ದರೆಂದು ತಿಳಿಯಬಾರದು; ಸ್ವರಗಳ ಅಂತರ ಹೊಂದುತ್ತದೆ, ರಾಗದ ನಡೆ ಬೇರೆ ಮಾತು.

ಶ್ರುತಿಗೂಡಿಸಲು ಮೊದಲು ಮೆಸೆಯನ್ನು 220 ಹರ್ಟ್ಸ್ ಸುಮಾರಿಗೆ ತರಬೇಕು. ಮೊಬೈಲಿನ ಟ್ಯೂನರ್ ಆ್ಯಪ್ ಅದನ್ನು ಎ-3 ಎಂದು ತೋರಿಸುತ್ತದೆ. ಅಲ್ಲಿಂದ ಮುಂದೆ ಆ್ಯಪನ್ನು ಬದಿಗಿಟ್ಟು ಕಿವಿಯಿಂದಲೇ ಮಾಡುವುದು ಒಳ್ಳೆಯದು, ಏಕೆಂದರೆ ಗ್ರೀಕರ ವಿಧಾನವೂ ಸಂವಾದಿ ಸ್ವರಗಳನ್ನು ಒಂದರಿಂದೊಂದು ಹಿಡಿಯುವುದೇ ಆಗಿತ್ತು. ಷಡ್ಜದಿಂದ ಕೆಳಗೆ ಮಂದ್ರ ಪಂಚಮವನ್ನು ಹಿಡಿಯಿರಿ. ಷಡ್ಜದಿಂದ ಮೇಲೆ ಮಧ್ಯಮವನ್ನು ಹಿಡಿಯಿರಿ, ಅದು ನೇತೆ. ನೇತೆಯನ್ನು ಪಂಚಮವೆಂದು ಭಾವಿಸಿದರೆ ಅದರ ಷಡ್ಜವಾಗುವುದು ಲಿಖನೋಸ್, ಅಂದರೆ ಕೋಮಲ ನಿಷಾದ. ಲಿಖನೋಸನ್ನು ಷಡ್ಜವೆಂದುಕೊಂಡರೆ ಅದರ ಮಧ್ಯಮ ಪಾರನೇತೆ. ಪಾರನೇತೆಯನ್ನು ಪಂಚಮ ಮಾಡಿಕೊಂಡರೆ ಅದರ ಷಡ್ಜ ಪಾರ್‌ಹೈಪಾತೆ. ಅದರ ಮಧ್ಯಮ ತ್ರಿತೆ. ಇಷ್ಟಕ್ಕೆ ಏಳೂ ಮುಗಿಯುತ್ತವೆ. ಹೊಸ ನೈಲಾನ್ ಒಂದು ವಾರದವರೆಗೆ ಇಳಿಯುತ್ತಲೇ ಇರುತ್ತದೆ, ಅದಕ್ಕೆ ಬೇಸರಪಡಬಾರದು.

ಕಿವಿಯ ಮೇಲೆ ಅನುಮಾನವಿರುವವರು ಏಕತಾರಿಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಪೈಥಾಗೊರಸನ ಹೆಸರಿಗೆ ಸೇರಿದ ಲೆಕ್ಕ ಇದು: ತಂತಿಯ ಉದ್ದ 72 ಸೆಂಟಿಮೀಟರ್ ಇದ್ದರೆ 54ರಲ್ಲಿ ತಡೆದಾಗ ಮಧ್ಯಮ, 48ರಲ್ಲಿ ಪಂಚಮ, 36ರಲ್ಲಿ ತಾರ ಷಡ್ಜ. ಅಂದರೆ 4:3, 3:2, 2:1. ಹೀಗೆ ಒಂದೇ ತಂತಿಯ ಮೇಲೆ ಅಳೆಯುವ ಸಾಧನವನ್ನು ಗ್ರೀಕರು ಕಾನೋನ್ ಎನ್ನುತ್ತಿದ್ದರು. ಕ್ರಿ.ಪೂ. 4ನೆಯ ಶತಮಾನದ ಅರಿಸ್ಟೋಕ್ಸೆನಸ್ ಮಾತ್ರ ಸಂಗೀತವನ್ನು ತೀರ್ಮಾನಿಸಬೇಕಾದುದು ಲೆಕ್ಕವಲ್ಲ, ಕಿವಿ ಎಂದು ವಾದಿಸಿದನು. ನಾನು ಅವನ ಪಕ್ಷ.

ನುಡಿಸುವಾಗ ವಾದ್ಯವನ್ನು ಎಡತೊಡೆಯ ಮೇಲಿಟ್ಟು, ತುಸು ಹೊರಕ್ಕೆ ಓರೆ ಮಾಡಿ, ಬುರುಡೆಯನ್ನು ಹೊಟ್ಟೆಗೆ ಆನಿಸಬೇಕು. ದಪ್ಪ ತಂತಿ ನಿಮ್ಮ ಕಡೆಗಿರಲಿ. ಎಡಗೈ ಮಣಿಕಟ್ಟನ್ನು ಹೊರತೋಳಿಗೆ ಕಟ್ಟಿದ ಅರಿವೆಯ ಪಟ್ಟಿಯೊಳಗೆ ತೂರಿಸಿದರೆ ವಾದ್ಯದ ಭಾರ ಪಟ್ಟಿಯ ಮೇಲೆ ಬಿದ್ದು ಬೆರಳುಗಳು ಬಿಡುವಾಗುತ್ತವೆ. ಬಲಗೈಗೆ ಪ್ಲೆಕ್ಟ್ರೋನ್, ಅಂದರೆ ತಂತಿ ಮೀಟುವ ತುಂಡು, ಬೇಕು. ತೆಂಗಿನ ಚಿಪ್ಪಿನ ತುಂಡನ್ನು ಎಲೆಯಾಕಾರಕ್ಕೆ ಉಜ್ಜಿ, ಹಿಡಿಕೆ ಕಟ್ಟಿ, ಕಳೆಯದಂತೆ ದಾರದಿಂದ ವಾದ್ಯಕ್ಕೇ ತೂಗಬಿಡಬೇಕು.

ಪಾತ್ರೆಗಳ ಚಿತ್ರಗಳಲ್ಲಿ ವಾದಕರ ಎಡಗೈ ಬೆರಳುಗಳು ತಂತಿಗಳ ಹಿಂದೆ ನೆಟ್ಟಗೆ ಚಾಚಿರುವುದನ್ನು ಕಾಣುತ್ತೇವೆ. ಆ ಬೆರಳುಗಳು ಸ್ವರವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಅಡಗಿಸುತ್ತವೆ. ಬಲಗೈ ಎಲ್ಲ ತಂತಿಗಳನ್ನೂ ಒಮ್ಮೆಗೇ ಎಳೆಯುತ್ತದೆ, ಎಡಗೈ ಬೇಡದ ತಂತಿಗಳನ್ನು ಹಿಂದಿನಿಂದ ಮುಟ್ಟಿ ಸುಮ್ಮನಾಗಿಸುತ್ತದೆ, ಬೇಕಾದ ಸ್ವರ ಮಾತ್ರ ಉಳಿಯುತ್ತದೆ. ಮೊದಲ ವಾರ ಒಂದೇ ಅಭ್ಯಾಸ ಸಾಕು: ನಾಲ್ಕು ಬೆರಳುಗಳನ್ನು ಹೈಪಾತೆಯಿಂದ ಮೆಸೆಯವರೆಗಿನ ತಂತಿಗಳ ಮೇಲಿಟ್ಟು, ಒಂದೊಂದೇ ಬೆರಳನ್ನು ಎತ್ತುತ್ತ ಎಳೆಯುವುದು. ಮೆಸೆಯ ಮೇಲಿನ ಬೆರಳನ್ನು ಎತ್ತಿದಾಗ ಷಡ್ಜವು ಮೇಲಿನ ಮೂರು ತಂತಿಗಳ ಜೊತೆ ಕೇಳುತ್ತದೆ. ಆ ಮೂರನ್ನು ಹೆಬ್ಬೆರಳಿನ ಬದಿಯಿಂದ ತಡೆಯುವುದನ್ನು ಎರಡನೆಯ ವಾರ ಕಲಿಯಬಹುದು. ಬಾಯಿ ಬಿಡುವಾಗಿರುವುದರಿಂದ ಸ್ವರದ ಜೊತೆಗೇ ಹಾಡಬೇಕು. ಮುಂದೆ ಅಥೆನ್ಸಿನ ಮುಖಂಡನಾದ ಅಲ್ಸಿಬಿಯಾಡಿಸ್ ಹುಡುಗನಾಗಿದ್ದಾಗ ಊದುವ ಔಲೋಸನ್ನು ಕಲಿಯಲು ಒಲ್ಲೆನೆಂದು ಹಟ ಹಿಡಿದುದಕ್ಕೆ ಹೇಳಿದ ಕಾರಣಗಳಲ್ಲಿ, ಅದು ಮುಖವನ್ನು ವಿಕಾರಗೊಳಿಸಿ ಮಾತನ್ನೂ ಹಾಡನ್ನೂ ಕಸಿದುಕೊಳ್ಳುತ್ತದೆ ಎಂಬುದು ಒಂದು.

ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಕುದುರೆ ಕೆಳಗಿಳಿಯುತ್ತದೆ, ಶ್ರುತಿಯೂ ಇಳಿಯುತ್ತದೆ. ಹಲಿಗೆಯನ್ನು ಬೆಂಕಿಗೆ ಕಾಯಿಸುವಂತೆ ಇದನ್ನು ಕಾಯಿಸಬಾರದು, ಒಳಗಿನ ಸೋರೆ ಬಿರಿಯುತ್ತದೆ. ಒಲೆಯಿರುವ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದರೆ ಸಾಕು. ಬೇಸಿಗೆಯಲ್ಲಿ ನುಡಿಸಿದ ಮೇಲೆ ಎಲ್ಲ ತಂತಿಗಳನ್ನೂ ಅರ್ಧ ಸುತ್ತು ಸಡಿಲಿಸಿಡಬೇಕು.

ಕೈ ಕುದುರಿದ ಮೇಲೆ ನುಡಿಸಲು ನಿಜವಾದ ಒಂದು ಗ್ರೀಕ್ ಹಾಡೇ ಇದೆ. ಇಂದಿನ ತುರ್ಕಿಯ ಐದಿನ್ ಬಳಿ 1883ರಲ್ಲಿ ಬೆಳಕಿಗೆ ಬಂದ, ಈಗ ಕೋಪನ್‌ಹೇಗನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ ಸೀಕಿಲೋಸ್ ಎಂಬುವನು ನಿಲ್ಲಿಸಿದ ಕಲ್ಲಿನ ಮೇಲೆ ಸಾಹಿತ್ಯವೂ ಸ್ವರಲಿಪಿಯೂ ಪೂರ್ತಿಯಾಗಿ ಉಳಿದಿವೆ. ಬದುಕಿರುವವರೆಗೆ ಬೆಳಗು, ಆಯುಷ್ಯ ಸ್ವಲ್ಪ, ಕಾಲವು ತನ್ನ ಸಾಲವನ್ನು ಕೇಳುತ್ತದೆ ಎಂಬ ಅದರ ಭಾವ ತತ್ವಪದ ಕೇಳಿ ಬೆಳೆದವರಿಗೆ ನೆರೆಮನೆಯ ಮಾತಿನಂತಿದೆ. ಅದಕ್ಕಾಗಿ ಕೋಮಲ ಧೈವತ, ರಿಷಭ, ಗಾಂಧಾರಗಳ ಮೂರು ತಂತಿಗಳನ್ನು ಅರ್ಧ ಅಂತರ ಏರಿಸಿ ಶುದ್ಧ ಮಾಡಬೇಕು, 0.5 ಮಿಲಿಮೀಟರಿನ ಎಂಟನೆಯ ತಂತಿಯೊಂದನ್ನು ಹಾಕಿ ಮಧ್ಯ ಪಂಚಮಕ್ಕೆ ಏರಿಸಬೇಕು. ಆಗ ಖಮಾಜ್ ಥಾಟಿನ ಸ್ವರಗಳು ಬರುತ್ತವೆ. ಮೊದಲ ಸಾಲು ಸಾ, ಪಾ, ಪಾ, ಗಮಪ, ಮಾ. ಇವುಗಳ ಕಾಲ ಕ್ರಮವಾಗಿ ಒಂದು, ಎರಡು, ಮೂರು, ಮೂರು, ಮೂರು ಮಾತ್ರೆ. ಒಟ್ಟು 12, ಅಂದರೆ ದಾದರಾ ತಾಳದ ಎರಡು ಆವರ್ತ, ಆದ್ದರಿಂದ ತಬಲಾದವರು ಜೊತೆಗಿದ್ದರೆ ಅವರಿಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ಎರಡನೆಯ ಸಾಲು ಗ, ಮ, ಪ, ಮಗ, ರೀ, ಸಾ ಎಂದು ಇಳಿದು ರಿಷಭವನ್ನು ಮತ್ತೆ ಮುಟ್ಟಿ ಮಂದ್ರದ ಕೋಮಲ ನಿಷಾದದಲ್ಲಿ ನಿಲ್ಲುತ್ತದೆ. ಮೂರನೆಯದು ಸಾ, ಗ, ಪ, ಮ, ಗಮ, ಗ, ಸಾ ಎಂದು ಹೋಗಿ ಅಲ್ಲಿಗೇ ಬರುತ್ತದೆ. ಕೊನೆಯ ಸಾಲು ಪಂಚಮದವರೆಗೆ ಏರಿ, ಷಡ್ಜದ ಮೇಲೆ ತಡೆದು, ಮಂದ್ರ ಧೈವತದ ಮೂಲಕ ಮಂದ್ರ ಪಂಚಮಕ್ಕೆ, ಅಂದರೆ ಹೈಪಾತೆಗೆ, ಇಳಿದು ಮುಗಿಯುತ್ತದೆ. ಅಲ್ಲಿ ಉಳಿದ ಏಳು ತಂತಿಗಳನ್ನು ಎಡಗೈಯಿಂದ ತಡೆದು, ಆ ಒಂದು ದಪ್ಪ ತಂತಿಯನ್ನು ತಾನಾಗಿ ಅಡಗುವವರೆಗೆ ಬಿಡಬೇಕು.